ಪಕ್ಕದ ಮೇಜಿಗೆ ಒಂದು ತಂತಿ

ಶಿರಸಿ, ಸಾಗರ, ತೀರ್ಥಹಳ್ಳಿಯಂಥ ಪೇಟೆಗಳ ಅಡಿಕೆ ಮಂಡಿಯ ಒಳಕೋಣೆಯಲ್ಲಿ ಈಗ ನಾಲ್ಕೋ ಐದೋ ಕಂಪ್ಯೂಟರ್ ಇದ್ದರೆ ಯಾರಿಗೂ ಅಚ್ಚರಿಯಾಗದು. ಒಂದರಲ್ಲಿ ತೂಕದ ಲೆಕ್ಕ, ಇನ್ನೊಂದರಲ್ಲಿ ಬೆಳೆಗಾರರಿಗೆ ಕೊಡುವ ಪಟ್ಟಿ, ಮತ್ತೊಂದರಲ್ಲಿ ಜಿಎಸ್‌ಟಿ, ಸಾಹುಕಾರರ ಮೇಜಿನದರಲ್ಲಿ ಟ್ಯಾಲಿ. ಪ್ರಿಂಟರ್ ಮಾತ್ರ ಒಂದೇ. ಪಟ್ಟಿ ಮಾಡುವ ಗುಮಾಸ್ತರಿಗೆ ಪ್ರಿಂಟ್ ಬೇಕೆಂದರೆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಎದ್ದು ಹೋಗುತ್ತಾರೆ. ಏಳಲು ಬೇಜಾರಾದರೆ ವಾಟ್ಸ್ಯಾಪ್‌ನಲ್ಲಿ ಕಳಿಸುತ್ತಾರೆ. ಎರಡು ಮೇಜುಗಳ ನಡುವೆ ಇರುವುದು ಮೂರು ಮೊಳ ಜಾಗ. ಫೈಲು ಮಾತ್ರ ಊರು ದಾಟಿ, ರಾಜ್ಯ ದಾಟಿ, ಎಲ್ಲಿಯದೋ ಸರ್ವರ್ ಮುಟ್ಟಿ, ತಿರುಗಿ ಬಂದು ಪಕ್ಕದ ಮೇಜು ಸೇರುತ್ತದೆ. ಮಳೆಗೆ ಮರ ಬಿದ್ದು ಬೀದಿಯ ಫೈಬರ್ ಹರಿದರೆ ಪಕ್ಕದವರ ಫೈಲೂ ಸಿಗುವುದಿಲ್ಲ.

ಮಂಡಿ ಎಂದದ್ದು ಉದಾಹರಣೆಗೆ. ಸಹಕಾರಿ ಸೊಸೈಟಿ, ಮೂವರು ವೈದ್ಯರ ಕ್ಲಿನಿಕ್, ಲೆಕ್ಕ ಪರಿಶೋಧಕರ ಕಚೇರಿ, ಮದುವೆ ಫೋಟೊ ತೆಗೆಯುವ ಸ್ಟುಡಿಯೊ, ಎಲ್ಲ ಕಡೆಯೂ ಇದೇ ಕಥೆ. ಇವರೆಲ್ಲರಿಗೆ ಬೇಕಿರುವುದು ಸ್ಥಳೀಯ ಜಾಲ, ಬಳಕೆಯ ಮಾತಿನಲ್ಲಿ ಲ್ಯಾನ್. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ, ತಿಂಗಳ ಬಾಡಿಗೆ ಇಲ್ಲ, ಯಾವ ಕಂಪನಿಯ ಅನುಮತಿಯೂ ಬೇಡ. ಕಂಪ್ಯೂಟರ್ ಪಂಡಿತರ ಕೆಲಸವೆಂದು ಜನ ಇದಕ್ಕೆ ಹೆದರುತ್ತಾರೆ. ನಿಜಕ್ಕೂ ಇದರಲ್ಲಿ ಮುಕ್ಕಾಲು ಪಾಲು ವೈರಿಂಗ್, ಉಳಿದದ್ದು ಶಿಸ್ತು.

ಜಗತ್ತಿನ ಕಚೇರಿಗಳನ್ನೆಲ್ಲ ಹೆಣೆದಿರುವ ಈಥರ್ನೆಟ್ ಹುಟ್ಟಿದ್ದರ ಹಿಂದೆಯೂ ಪ್ರಿಂಟರಿನ ಗೋಳೇ ಇತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದ ಆರಂಭಕ್ಕೆ ಎರಡು ಹೊಸ ವಸ್ತುಗಳು ಸಿದ್ಧವಾಗುತ್ತಿದ್ದವು. ಒಂದು, ಒಬ್ಬೊಬ್ಬರ ಮೇಜಿಗೂ ಒಂದೊಂದರಂತೆ ಇಡಬಹುದಾದ ಆಲ್ಟೊ ಎಂಬ ಕಂಪ್ಯೂಟರ್. ಇನ್ನೊಂದು, ಗ್ಯಾರಿ ಸ್ಟಾರ್ಕ್‌ವೆದರ್ ರೂಪಿಸಿದ ಲೇಸರ್ ಪ್ರಿಂಟರ್. ಕಂಪ್ಯೂಟರ್ ಹಲವು, ಪ್ರಿಂಟರ್ ಒಂದು. ಇವುಗಳನ್ನು ಕೂಡಿಸುವ ದಾರಿ ಹುಡುಕುವ ಕೆಲಸ ರಾಬರ್ಟ್ ಮೆಟ್‌ಕಾಫ್ ಪಾಲಿಗೆ ಬಂತು. 1973ರ ಮೇ 22ರಂದು ಅವರು ಬರೆದ ಟಿಪ್ಪಣಿಯಲ್ಲಿ ಈಥರ್ನೆಟ್ಟಿನ ಕಲ್ಪನೆ ಇದೆ. ಡೇವಿಡ್ ಬಾಗ್ಸ್ ಜೊತೆ ಸೇರಿ ಅದನ್ನು ಕಟ್ಟಿ ನಿಲ್ಲಿಸಿದರು. ವೇಗ ಸೆಕೆಂಡಿಗೆ 2.94 ಮೆಗಾಬಿಟ್.

ಮೂಲ ಯುಕ್ತಿ ಇನ್ನೂ ಹಿಂದಿನದು. ಹವಾಯಿ ದ್ವೀಪಗಳ ಕಂಪ್ಯೂಟರ್‌ಗಳನ್ನು ರೇಡಿಯೊ ಅಲೆಗಳಿಂದ ಬೆಸೆಯಲು ನಾರ್ಮನ್ ಅಬ್ರಾಮ್ಸನ್ ತಂಡ 1971ರಲ್ಲಿ ಅಲೋಹಾನೆಟ್ ಆರಂಭಿಸಿತ್ತು. ಎಲ್ಲರೂ ಒಂದೇ ಅಲೆಯಲ್ಲಿ ಮಾತಾಡಬೇಕು, ಇಬ್ಬರ ಮಾತು ಡಿಕ್ಕಿಯಾದರೆ ಇಬ್ಬರೂ ಸುಮ್ಮನಾಗಿ, ಒಬ್ಬೊಬ್ಬರು ತಮಗೆ ತೋಚಿದಷ್ಟು ಹೊತ್ತು ಕಾದು ಮತ್ತೆ ಶುರು ಮಾಡಬೇಕು. ಮೆಟ್‌ಕಾಫ್ ಇದನ್ನು ತಂತಿಗೆ ಇಳಿಸಿ, ಮಾತಾಡುವ ಮುನ್ನ ತಂತಿ ಖಾಲಿಯಿದೆಯೇ ಎಂದು ಕಿವಿಗೊಡುವ ನಿಯಮ ಸೇರಿಸಿದರು. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಮೂರೂ ಸೇರಿ 10 ಮೆಗಾಬಿಟ್ ವೇಗದ ಮಾನದಂಡ ಹೊರತಂದವು. 2022ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಮೆಟ್‌ಕಾಫ್ ಅವರಿಗೆ ಬಂದದ್ದು ಇದಕ್ಕಾಗಿಯೇ.

ಈಗ ಆ ಡಿಕ್ಕಿಯ ರಗಳೆ ಇಲ್ಲ. ಹಿಂದೆ ನಡುವೆ ಕೂರಿಸುತ್ತಿದ್ದ ಹಬ್ ಎಂಬ ಪೆಟ್ಟಿಗೆ ಒಬ್ಬರಿಗೆ ಹೇಳಬೇಕಾದ್ದನ್ನು ಊರಿಗೆಲ್ಲ ಡಂಗುರ ಸಾರುತ್ತಿತ್ತು. ಇಂದಿನ ಸ್ವಿಚ್ ಯಾವ ಪೋರ್ಟಿನಲ್ಲಿ ಯಾವ ಯಂತ್ರವಿದೆ ಎಂದು ತಾನೇ ಕಲಿತುಕೊಂಡು, ಅವರವರದ್ದನ್ನು ಅವರವರಿಗಷ್ಟೇ ಮುಟ್ಟಿಸುತ್ತದೆ. ಹೀಗೆ ಕಲಿಯಲು ಆಧಾರ ಪ್ರತಿ ಯಂತ್ರಕ್ಕೂ ತಯಾರಕರೇ ಹಚ್ಚಿ ಕಳಿಸುವ 48 ಬಿಟ್‌ಗಳ ಮ್ಯಾಕ್ ವಿಳಾಸ. ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ ಈಗ ಒಂದೂವರೆ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಐದು ಕಂಪ್ಯೂಟರ್ ಇದ್ದರೆ ಐದು ಪೋರ್ಟಿನದು ಸಾಕಲ್ಲ ಎನ್ನಬೇಡಿ. ಪ್ರಿಂಟರಿಗೊಂದು, ರೌಟರಿಗೊಂದು, ಮುಂದಿನ ವರ್ಷ ಬರುವ ಇನ್ನೊಂದಕ್ಕೊಂದು ಬೇಕು.

ತಾಮ್ರದ ಮಾತು

ಹಣ ಉಳಿಸಲು ಹೋಗಿ ಜನ ಕೆಡುವುದು ಸ್ವಿಚ್ ಕೊಳ್ಳುವಾಗಲ್ಲ, ಕೇಬಲ್ ಕೊಳ್ಳುವಾಗ. ಅಂಗಡಿಯಲ್ಲಿ 305 ಮೀಟರಿನ ಪೆಟ್ಟಿಗೆಗಳು ಎರಡು ದರದಲ್ಲಿ ಇರುತ್ತವೆ. ಎರಡರ ಮೇಲೂ ಕ್ಯಾಟ್ 6 ಎಂದೇ ಅಚ್ಚಾಗಿರುತ್ತದೆ. ಅಗ್ಗದ್ದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಿಸಿಎ ಎಂದಿದ್ದರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಕೆಲವುಗಳಲ್ಲಿ ಆ ಅಕ್ಷರವೂ ಇರುವುದಿಲ್ಲ. ಪೆಟ್ಟಿಗೆ ಎತ್ತಿ ನೋಡಿ, ಹಗುರ ಅನ್ನಿಸಿದರೆ ಅನುಮಾನಿಸಿ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅಂಗಡಿಯವರಿಗೆ ಹಿಂತಿರುಗಿಸಿ. ಅಲ್ಯೂಮಿನಿಯಂ ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ಕರೆಂಟಿಗೆ ತಾಮ್ರಕ್ಕಿಂತ ಹೆಚ್ಚು ತಡೆಯೊಡ್ಡುತ್ತದೆ, ಕನೆಕ್ಟರಿನ ಹಲ್ಲುಗಳ ನಡುವೆ ಕಾಲಕ್ರಮೇಣ ಸಡಿಲಾಗುತ್ತದೆ. ಮೊದಲ ದಿನ ಚೆನ್ನಾಗಿಯೇ ನಡೆಯುತ್ತದೆ. ಎರಡನೇ ಮಳೆಗಾಲದ ಹೊತ್ತಿಗೆ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಯಾರಿಗೂ ತಿಳಿಯದ ಸ್ಥಿತಿ. ಸಣ್ಣ ಕಚೇರಿಗೆ ಅಪ್ಪಟ ತಾಮ್ರದ ಕ್ಯಾಟ್ 5ಇ ಧಾರಾಳ ಸಾಕು. ಗಿಗಾಬಿಟ್ ವೇಗವನ್ನು ಅದು 100 ಮೀಟರ್ ದೂರದವರೆಗೆ ಒಯ್ಯುತ್ತದೆ. ನಕಲಿ ಕ್ಯಾಟ್ 6ಕ್ಕಿಂತ ಅಸಲಿ ಕ್ಯಾಟ್ 5ಇ ಎಷ್ಟೋ ಮೇಲು.

ಕೇಬಲಿನ ಒಳಗೆ ಎಂಟು ಎಳೆಗಳು, ಎರಡೆರಡು ಹೊಸೆದ ನಾಲ್ಕು ಜೋಡಿ. ಹೊಸೆದಿರುವುದು ಅಂದಕ್ಕಲ್ಲ. ಹೊರಗಿನಿಂದ ಬರುವ ವಿದ್ಯುತ್ ಗದ್ದಲ ಜೋಡಿಯ ಎರಡೂ ಎಳೆಗಳಿಗೆ ಸಮನಾಗಿ ತಟ್ಟಿ, ಆ ತುದಿಯಲ್ಲಿ ಒಂದರಿಂದೊಂದು ಕಳೆದುಹೋಗಲಿ ಎಂದು. ತುದಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ, ಅಂದರೆ ಕ್ರಿಂಪ್ ಮಾಡುವಾಗ, ಹೊಸೆತವನ್ನು ತೀರಾ ಬೇಕಾದಷ್ಟೇ ಬಿಡಿಸಬೇಕು. ಆರ್‌ಜೆ45 ಕನೆಕ್ಟರನ್ನು ಅದರ ಕೊಂಡಿ ಕೆಳಗೆ ಬರುವಂತೆ ಹಿಡಿದರೆ ಎಡದಿಂದ ಬಣ್ಣಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟಿ568ಬಿ ಎಂದು ಇದರ ಹೆಸರು. ಎರಡೂ ತುದಿಗೆ ಇದೇ ಸಾಲು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಕೂತದ್ದು ಕಂಡು ಕೆಲವರು ತಪ್ಪಿರಬೇಕೆಂದು ಬಣ್ಣಗಳನ್ನು ಓರಣವಾಗಿ ಜೋಡಿಸಿಬಿಡುತ್ತಾರೆ. ಎರಡೂ ತುದಿಯಲ್ಲಿ ಹಾಗೆಯೇ ಮಾಡಿದರೆ ಅಗ್ಗದ ಟೆಸ್ಟರಿನ ಎಂಟೂ ದೀಪ ಸರಿಯಾಗಿ ಉರಿಯುತ್ತವೆ, ಕಂಪ್ಯೂಟರ್ ಸಂಪರ್ಕವನ್ನೂ ತೋರಿಸುತ್ತದೆ, ಫೈಲು ಮಾತ್ರ ಬಸವನ ಹುಳುವಿನ ನಡೆ. ಮೂರನೇ ಎಳೆಗೂ ಆರನೆಯದಕ್ಕೂ ಒಂದೇ ಜೋಡಿಯ ತಂತಿ ಬೇಕು ಎಂಬುದು ಆ ದೀಪಗಳಿಗೆ ಗೊತ್ತಿಲ್ಲ.

ಇನ್ನೊಂದು ಗುಟ್ಟು ಇಲ್ಲೇ ಇದೆ. 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ಕಂದು ಎಳೆಯೊಂದು ಸಡಿಲವಾದರೆ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಒಂದು ಗಿಗಾಬೈಟ್ ಫೈಲು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಹೋಗಬೇಕಾದ್ದು ಒಂದೂವರೆ ನಿಮಿಷ ತಿನ್ನುತ್ತದೆ. ಕಂಪ್ಯೂಟರ್ ಹಳತಾಯಿತು ಎಂದು ಹೊಸದು ತರಿಸುವ ಮುನ್ನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ವೇಗದ ಸಾಲನ್ನೊಮ್ಮೆ ಓದಿ. ಅಲ್ಲಿ 100 ಎಂದಿದ್ದು, ಸ್ವಿಚ್ಚೂ ಕಂಪ್ಯೂಟರೂ ಗಿಗಾಬಿಟ್ಟಿನವೇ ಆಗಿದ್ದರೆ ಮೊದಲು ಮಾಡಬೇಕಾದ್ದು ಹತ್ತು ರೂಪಾಯಿಯ ಕನೆಕ್ಟರ್ ಬದಲಿಸುವುದು.

ಎಳೆಯುವಾಗ ಕರೆಂಟಿನ ವೈರಿನ ಪೈಪಿಗೇ ಇದನ್ನೂ ತೂರಿಸಬೇಡಿ. ಒಂದು ಗೇಣಾದರೂ ಅಂತರವಿರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಮಂಡಿಯೆಂದರೆ ಗೋಣಿಚೀಲ, ಗೋಣಿಚೀಲವೆಂದರೆ ಇಲಿ. ತಂತಿ ಬರಿಮೈಯಲ್ಲಿ ಗೋಡೆಯಂಚಿಗೆ ಬಿದ್ದಿದ್ದರೆ ವರ್ಷ ತುಂಬುವುದರೊಳಗೆ ಇಲಿಯ ಪಾಲು. ಪಿವಿಸಿ ಪೈಪು ಇಲ್ಲವೇ ಕೇಸಿಂಗ್ ಪಟ್ಟಿ ಹೊಡೆಸಿ, ಎರಡು ತುದಿಗೂ ಒಂದೇ ಸಂಖ್ಯೆ ಬರೆದ ಚೀಟಿ ಅಂಟಿಸಿ. ಊರಿನ ಎಲೆಕ್ಟ್ರಿಷಿಯನ್‌ಗೆ ಈ ಕೆಲಸ ಚೆನ್ನಾಗಿ ಬರುತ್ತದೆ. ಬಣ್ಣಗಳ ಸಾಲನ್ನೊಂದು ಬರೆದುಕೊಟ್ಟರೆ ಸಾಕು.

ಯಾರಿಗೆ ಯಾವ ವಿಳಾಸ

ತಂತಿ ಸಿಕ್ಕಿಸಿ ಸ್ವಿಚ್ಚಿನ ಹಸಿರು ದೀಪ ಮಿನುಗಿದ ಮೇಲೆ ಪ್ರತಿ ಯಂತ್ರಕ್ಕೂ ಐಪಿ ವಿಳಾಸ ಬೇಕು. ಹಳೆಯ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಮನೆಮನೆಯ ಕಂಪ್ಯೂಟರಿಗೂ ಅದರಿಂದಲೇ ಹಂಚುತ್ತಾ ಹೋದರೆ ಸಾಲದು ಎಂದು ಮೊದಲೇ ಕಂಡಿತ್ತು. ಆದ್ದರಿಂದ ಒಳಗಿನ ಬಳಕೆಗೆಂದೇ ಮೂರು ಗುಂಪುಗಳನ್ನು ತೆಗೆದಿಟ್ಟರು: 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು, ಮತ್ತು 192.168ರಿಂದ ಆರಂಭವಾಗುವವು. 1996ರಲ್ಲಿ ಆದ ಈ ಏರ್ಪಾಟಿನಿಂದಾಗಿಯೇ ಶಿರಸಿಯ ಮಂಡಿಯಲ್ಲೂ ಮಂಗಳೂರಿನ ಕ್ಲಿನಿಕ್ಕಿನಲ್ಲೂ ರೌಟರ್ 192.168.1.1 ಎಂದೇ ಇರಬಹುದು, ಒಂದಕ್ಕೊಂದು ಅಡ್ಡಬರುವುದಿಲ್ಲ. ಆ ವಿಳಾಸಗಳು ಗೋಡೆಯಾಚೆ ಹೋಗುವುದೇ ಇಲ್ಲ.

ವಿಳಾಸ ಹಂಚುವ ಕೆಲಸವನ್ನು ರೌಟರ್ ಡಿಎಚ್‌ಸಿಪಿ ಎಂಬ ಏರ್ಪಾಟಿನಿಂದ ತಾನೇ ಮಾಡುತ್ತದೆ. ಹಾಗೆಯೇ ಬಿಡಿ, ಎರಡು ಯಂತ್ರಗಳನ್ನು ಬಿಟ್ಟು: ಪ್ರಿಂಟರ್ ಮತ್ತು ಎಲ್ಲರ ಫೈಲು ಇರುವ ಮುಖ್ಯ ಕಂಪ್ಯೂಟರ್. ಇವೆರಡರ ವಿಳಾಸ ಬದಲಾದರೆ ಉಳಿದವರೆಲ್ಲ ಹುಡುಕುತ್ತಾ ಕೂರಬೇಕು. ನಿನ್ನೆ ಬರುತ್ತಿದ್ದ ಪ್ರಿಂಟ್ ಇಂದು ಬರುತ್ತಿಲ್ಲ ಎಂಬ ದೂರಿನ ಹಿಂದೆ ಇದೇ ಇರುವುದು ಹೆಚ್ಚು. ರೌಟರಿನ ಪುಟ ತೆರೆದು, ಆ ಎರಡರ ಮ್ಯಾಕ್ ವಿಳಾಸಕ್ಕೆ ಒಂದೊಂದು ಐಪಿಯನ್ನು ಕಾಯ್ದಿರಿಸಿಬಿಡಿ. ಯಾವುದಾದರೂ ಕಂಪ್ಯೂಟರಿನ ವಿಳಾಸ 169.254ರಿಂದ ಶುರುವಾಗಿದ್ದರೆ, ಕೇಳಿದರೂ ಯಾರೂ ವಿಳಾಸ ಕೊಡದೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ತಂತಿಯನ್ನೋ ರೌಟರನ್ನೋ ನೋಡಿ, ಕಂಪ್ಯೂಟರನ್ನು ಬೈಯಬೇಡಿ.

ಇಡೀ ಕಚೇರಿಯನ್ನು ಕೂರಿಸಿಬಿಡುವ ಎರಡು ಕಿತಾಪತಿಗಳಿವೆ. ಮೊದಲನೆಯದು, ಮನೆಯಲ್ಲಿ ಮೂಲೆ ಸೇರಿದ್ದ ಹಳೆಯ ರೌಟರ್ ತಂದು ವೈ-ಫೈ ಹೆಚ್ಚಲಿ ಎಂದು ಸಿಕ್ಕಿಸುವುದು. ಆಗ ವಿಳಾಸ ಹಂಚುವ ಯಜಮಾನರು ಇಬ್ಬರಾದರು. ಅರ್ಧ ಕಂಪ್ಯೂಟರ್‌ಗಳಿಗೆ ಒಬ್ಬರ ವಿಳಾಸ, ಇನ್ನರ್ಧಕ್ಕೆ ಇನ್ನೊಬ್ಬರದು, ಇವರಿಗೆ ಅವರು ಕಾಣುವುದಿಲ್ಲ. ಹಳೆಯದನ್ನು ಬಳಸಲೇಬೇಕಿದ್ದರೆ ಮೊದಲು ಅದರ ಡಿಎಚ್‌ಸಿಪಿ ನಿಲ್ಲಿಸಿ, ಅದರ ವಿಳಾಸವನ್ನೂ ಬದಲಿಸಿ, ಬಳಿಕ ಅದರ ಲ್ಯಾನ್ ಪೋರ್ಟಿಗೆ ತಂತಿ ಕೊಡಿ. ಎರಡನೆಯದು ಇನ್ನೂ ತಮಾಷೆಯದು. ಗುಡಿಸುವಾಗ ಬಿಚ್ಚಿಕೊಂಡ ತಂತಿಯೊಂದರ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಸ್ವಿಚ್ಚಿಗೆ ಸಿಕ್ಕಿಸುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿರುತ್ತದೆ. ಎಲ್ಲರಿಗೂ ಎಂದು ಹೊರಟ ಒಂದು ಸಂದೇಶ ಆ ಸುತ್ತಿನಲ್ಲಿ ಸಿಕ್ಕಿ ಸುತ್ತುತ್ತಾ ನೂರು, ಲಕ್ಷವಾಗಿ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗುತ್ತವೆ. ಯಾರ ಕೆಲಸವೂ ನಡೆಯದು. ಇದಕ್ಕೆ ಔಷಧವನ್ನು ಡಿಜಿಟಲ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲೇ ಕಂಡುಹಿಡಿದರು. ಸ್ವಿಚ್ಚುಗಳು ತಮ್ಮೊಳಗೆ ಮಾತಾಡಿಕೊಂಡು ಸುತ್ತುಬರುವ ದಾರಿಯನ್ನು ಮುಚ್ಚಿಕೊಳ್ಳುವ ವಿಧಾನ ಅದು. ದೊಡ್ಡ ಕಚೇರಿಯ ಸ್ವಿಚ್ಚುಗಳಲ್ಲಿ ಅದು ಇದ್ದೇ ಇರುತ್ತದೆ, ನಾವು ಕೊಳ್ಳುವ ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತಂತಿಗಳಿಗೆ ಚೀಟಿ ಅಂಟಿಸಿ ಎಂದದ್ದು ಇದಕ್ಕೇ.

ಟ್ಯಾಲಿ, ಫೋಲ್ಡರ್, ಬೀಗ

ಸಣ್ಣ ಪೇಟೆಯ ಎಷ್ಟೋ ಕಚೇರಿಗಳು ಲ್ಯಾನ್ ಹಾಕಿಸಿದ್ದು ಟ್ಯಾಲಿಯ ದೆಸೆಯಿಂದ. ಬೆಂಗಳೂರಿನ ಕಂಪನಿಯ ಈ ಲೆಕ್ಕದ ತಂತ್ರಾಂಶದ ಸಿಲ್ವರ್ ಪರವಾನಗಿ ಒಂದು ಕಂಪ್ಯೂಟರಿಗೆ, ಗೋಲ್ಡ್ ಪರವಾನಗಿ ಅದೇ ಜಾಲದ ಹಲವು ಕಂಪ್ಯೂಟರಿಗೆ. ಲೆಕ್ಕದ ದತ್ತಾಂಶವನ್ನು ಒಂದು ಕಂಪ್ಯೂಟರಿನ ಫೋಲ್ಡರಿನಲ್ಲಿಟ್ಟು ಉಳಿದವರು ಅದನ್ನೇ ತೆರೆಯುತ್ತಾರೆ. ಹಾಗಾಗಿ ಆ ಒಂದು ಕಂಪ್ಯೂಟರ್ ಬೇರೆಯವುಗಳಂತಲ್ಲ. ಅದಕ್ಕೆ ಯುಪಿಎಸ್ ಇರಬೇಕು, ಸ್ವಿಚ್ಚಿಗೂ ಇರಬೇಕು, ತನ್ನಷ್ಟಕ್ಕೆ ನಿದ್ದೆ ಹೋಗುವ ಸೆಟ್ಟಿಂಗ್ ತೆಗೆದುಹಾಕಿರಬೇಕು. ಸಾಹುಕಾರರು ಊಟಕ್ಕೆ ಹೋದಾಗ ಅವರ ಕಂಪ್ಯೂಟರ್ ಮಲಗಿ ಇಡೀ ಮಂಡಿ ನಿಂತುಹೋಗುವುದು ನಡೆಯುತ್ತಲೇ ಇರುತ್ತದೆ. ಸಾಮಾನ್ಯ ವಿಂಡೋಸ್ ಕಂಪ್ಯೂಟರಿಗೆ ಒಮ್ಮೆಗೆ 20 ಸಂಪರ್ಕಗಳ ಮಿತಿಯಿದೆ. ಐದಾರು ಮಂದಿಗೆ ಅದು ಹೇರಳ.

ಈ ಲೆಕ್ಕದ ಕೆಲಸವನ್ನು ವೈ-ಫೈ ಮೇಲೆ ನಡೆಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಡೆಯುವುದಿಲ್ಲ ಎಂದಲ್ಲ. ದಾಖಲೆ ಬರೆಯುತ್ತಿರುವ ನಡುವೆ ಅಲೆ ಒಂದು ಗಳಿಗೆ ತಪ್ಪಿದರೂ ದತ್ತಾಂಶ ಕೆಡುವ ಅಪಾಯವಿದೆ. ಮಲೆನಾಡಿನ ಹಳೆಯ ಕಟ್ಟಡಗಳ ಜಂಬಿಟ್ಟಿಗೆ ಗೋಡೆ ದಪ್ಪ. 2.4 ಗಿಗಾಹರ್ಟ್ಸ್ ಅಲೆ ಅದನ್ನು ತೂರಿ ಆಚೆ ಹೋಗುವಾಗ ಸುಸ್ತಾಗುತ್ತದೆ, 5 ಗಿಗಾಹರ್ಟ್ಸಿನದು ಇನ್ನೂ ಬೇಗ ಸೋಲುತ್ತದೆ. ಫೋನಿಗೆ, ಬಂದುಹೋಗುವವರ ಲ್ಯಾಪ್‌ಟಾಪಿಗೆ ವೈ-ಫೈ ಇರಲಿ. ಮೇಜಿನ ಮೇಲೆ ಕದಲದೆ ಕೂತಿರುವ ಯಂತ್ರಕ್ಕೆ ತಂತಿಯೇ ಸರಿ. ಬಂದವರಿಗೆ ಕೊಡುವ ವೈ-ಫೈಯನ್ನು ರೌಟರಿನ ಅತಿಥಿ ಜಾಲದಲ್ಲಿ ಬೇರೆಯಾಗಿಟ್ಟರೆ ಅವರಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಫೋಲ್ಡರ್ ಸಿಗುವುದಿಲ್ಲ. ಪಕ್ಕದ ಅಂಗಡಿಗಳ ವೈ-ಫೈ ಜೊತೆ ಜಗಳವಿದ್ದರೆ 2.4ರಲ್ಲಿ 1, 6, 11ನೇ ಚಾನೆಲ್‌ಗಳ ಪೈಕಿ ಖಾಲಿ ಇರುವುದನ್ನು ಆರಿಸಿಕೊಳ್ಳಿ. ಆ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ.

ಫೋಲ್ಡರ್ ಹಂಚುವಾಗ ಎಲ್ಲರಿಗೂ ಎಲ್ಲ ಅಧಿಕಾರ ಎಂಬ ಆಯ್ಕೆ ಬಲು ಸುಲಭ. ಒತ್ತಿಬಿಟ್ಟರೆ ಕೆಲಸ ಮುಗಿಯಿತು, ತೊಂದರೆಯೂ ಅಲ್ಲಿಂದಲೇ ಶುರು. ಮುಖ್ಯ ಕಂಪ್ಯೂಟರಿನಲ್ಲಿ ಒಬ್ಬೊಬ್ಬರ ಹೆಸರಿನಲ್ಲೂ ಒಂದು ಖಾತೆ, ಅದಕ್ಕೊಂದು ಪಾಸ್‌ವರ್ಡ್ ಮಾಡಿ, ಯಾರು ಓದಬಹುದು, ಯಾರು ತಿದ್ದಬಹುದು ಎಂದು ಗೊತ್ತುಮಾಡಲು ಒಂದು ಮಧ್ಯಾಹ್ನ ಸಾಕು. 2017ರ ಮೇ 12ರಂದು ಹರಡಲು ತೊಡಗಿದ ವಾನಾಕ್ರೈ ಎಂಬ ಕುತಂತ್ರಾಂಶ ಇಂಥ ಸ್ಥಳೀಯ ಜಾಲಗಳಲ್ಲೇ ಹಬ್ಬಿತು. ವಿಂಡೋಸಿನಲ್ಲಿ ಫೈಲು ಹಂಚುವ ಹಳೆಯ ವ್ಯವಸ್ಥೆಯ ಬಿರುಕೊಂದನ್ನು ಹಿಡಿದು ಯಾರೂ ಏನೂ ಒತ್ತದೆಯೇ ಒಂದರಿಂದ ಇನ್ನೊಂದಕ್ಕೆ ದಾಟಿ, ಫೈಲುಗಳಿಗೆ ಬೀಗ ಜಡಿದು, ಬಿಟ್‌ಕಾಯಿನ್ ರೂಪದಲ್ಲಿ ಹಣ ಕೇಳಿತು. ಆ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮುಂಚೆ, ಮಾರ್ಚಿನಲ್ಲೇ, ತೇಪೆ ಕೊಟ್ಟಿತ್ತು. ಹಾಕಿಕೊಂಡಿರದವರು ಸಿಕ್ಕಿಬಿದ್ದರು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ಅದನ್ನೇ ನಡೆಸುತ್ತಿರುವ ಮಂಡಿಗಳು ಈ ಮಾತನ್ನು ಇನ್ನೊಮ್ಮೆ ಓದಲಿ. ಬ್ಯಾಕಪ್ ಎಂದು ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡಿಟ್ಟರೆ ಸಾಲದು, ಬೀಗ ಜಡಿಯುವ ವೈರಸ್ ಅಲ್ಲಿಗೂ ನಡೆದುಹೋಗುತ್ತದೆ. ಸಂಜೆ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲಿಸಿ, ಬಿಚ್ಚಿ, ತಿಜೋರಿಯಲ್ಲಿಡಬೇಕು. ಬಿಚ್ಚುವುದು ಮುಖ್ಯ.

ಸಿಡಿಲಿಗೆ ಹೆದರಬೇಕಾದ್ದೆಲ್ಲಿ

ಅಶ್ವಿನಿ, ಭರಣಿ ಮಳೆಯ ಗುಡುಗು ಸಿಡಿಲಿನಲ್ಲಿ ಪೋರ್ಟು ಸುಟ್ಟುಕೊಂಡ ಸ್ವಿಚ್ಚುಗಳನ್ನು ಮಲೆನಾಡಿನ ರಿಪೇರಿ ಅಂಗಡಿಗಳಲ್ಲಿ ರಾಶಿಯಾಗಿ ನೋಡಬಹುದು. ಸಿಡಿಲು ನೇರ ಬೀಳಬೇಕೆಂದೇನಿಲ್ಲ. ಹತ್ತಿರದ ತೆಂಗಿನ ಮರಕ್ಕೆ ಹೊಡೆದರೂ ಬಯಲಿನಲ್ಲಿ ಹಾದುಹೋದ ಉದ್ದನೆಯ ತಾಮ್ರದ ತಂತಿಯಲ್ಲಿ ವೋಲ್ಟೇಜು ಚಿಮ್ಮುತ್ತದೆ. ಕಚೇರಿಯಿಂದ ಅಂಗಳ ದಾಟಿ ಗೋದಾಮಿಗೆ ತಾಮ್ರದ ಕೇಬಲ್ ಎಳೆಸಿದವರು ಪ್ರತಿ ಬೇಸಗೆಯ ಕೊನೆಗೂ ದಂಡ ಕಟ್ಟುತ್ತಾರೆ. ಎರಡು ಕಟ್ಟಡಗಳ ನಡುವೆ ಫೈಬರ್ ಹಾಕಿಸಿ, ಎರಡೂ ಕಡೆ ಒಂದೊಂದು ಮೀಡಿಯಾ ಕನ್ವರ್ಟರ್ ಇಡಿ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಕಂಬದಿಂದ ಕಂಬಕ್ಕೆ ತೂಗಿಸುವ ಫೈಬರಿನಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿಯೊಂದು ಸೇರಿರುತ್ತದೆ. ಅದನ್ನು ಕಟ್ಟಡದ ಹೊರಗೇ ಬಿಗಿದು ಕತ್ತರಿಸಬೇಕು, ಒಳಗಿನ ಪೆಟ್ಟಿಗೆಯವರೆಗೆ ತಂದರೆ ಫೈಬರ್ ಹಾಕಿಸಿದ್ದೇ ವ್ಯರ್ಥ.

ಎಲ್ಲ ಮುಗಿದ ಮೇಲೆ ಒಂದು ದಿನ ಪ್ರಿಂಟ್ ಬರುವುದಿಲ್ಲ. ಆಗ ಬೇಕಾಗುವುದು ಪಿಂಗ್. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಜಾಲದ ತೊಂದರೆಯೊಂದನ್ನು ಹುಡುಕಲು ಬರೆದ ಪುಟ್ಟ ಪ್ರೋಗ್ರಾಂ ಇದು. ನಲವತ್ತು ವರ್ಷ ಕಳೆದರೂ ಇದಕ್ಕಿಂತ ಒಳ್ಳೆಯ ಮೊದಲ ಅಸ್ತ್ರವಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂಬ ಪದದ ಮುಂದೆ ಪ್ರಿಂಟರಿನ ವಿಳಾಸ ಒತ್ತಿದರೆ ಉತ್ತರ ಎಷ್ಟು ಮಿಲಿಸೆಕೆಂಡಿಗೆ ಬಂತೆಂದು ತೋರಿಸುತ್ತದೆ. ಒಂದೇ ಕಟ್ಟಡದೊಳಗೆ ಅದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕು. ಮೊದಲು ರೌಟರ್, ಆಮೇಲೆ ಪ್ರಿಂಟರ್, ಕೊನೆಗೆ ಹೊರಗಿನ ಯಾವುದಾದರೂ ತಾಣ. ಎಲ್ಲಿ ಉತ್ತರ ನಿಂತಿತೋ ಅಲ್ಲಿಂದ ಹುಡುಕಬೇಕು. ರೌಟರ್ ಉತ್ತರಿಸಿ ಹೊರಗಿನದು ಉತ್ತರಿಸದಿದ್ದರೆ ಹೋಗಿರುವುದು ಇಂಟರ್‌ನೆಟ್. ನಿಮ್ಮ ಪಟ್ಟಿ, ಪ್ರಿಂಟು, ಟ್ಯಾಲಿ ಎಂದಿನಂತೆ ನಡೆಯಬೇಕು. ಪಕ್ಕದ ವಿಂಡೋಸ್ ಕಂಪ್ಯೂಟರ್ ಮಾತ್ರ ಬದುಕಿದ್ದೂ ಪಿಂಗ್‌ಗೆ ಓಗೊಡದೆ ಇರಬಹುದು, ಅದರ ಫೈರ್‌ವಾಲ್ ಬಿಟ್ಟಿರುವುದಿಲ್ಲ. ಸತ್ತಿದೆ ಎಂದು ತೀರ್ಮಾನಿಸುವ ಮುನ್ನ ಸ್ವಿಚ್ಚಿನಲ್ಲಿ ಅದರ ದೀಪ ನೋಡಿ.

ಹೊಸದಾಗಿ ಬರುವ ಯಂತ್ರಗಳ ಪೈಕಿ ಹೆಚ್ಚು ಎಚ್ಚರ ಬೇಕಾದ್ದು ಸಿಸಿಟಿವಿ ಪೆಟ್ಟಿಗೆಗೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೌಟರ್‌ಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡು ಆ ಅಕ್ಟೋಬರಿನಲ್ಲಿ ಅಮೆರಿಕದ ದೊಡ್ಡ ದೊಡ್ಡ ತಾಣಗಳನ್ನೇ ಕೆಡವಿತ್ತು. ಕ್ಯಾಮೆರಾ ಕೂರಿಸಿದ ಹುಡುಗ ಹೋಗುವ ಮುನ್ನ ಅವನೆದುರೇ ಪಾಸ್‌ವರ್ಡ್ ಬದಲಿಸಿ. ಜೊತೆಗೆ ಒಂದು ಹಾಳೆಯಲ್ಲಿ ಯಾವ ತಂತಿ ಯಾವ ಮೇಜಿಗೆ, ಯಾವ ಯಂತ್ರಕ್ಕೆ ಯಾವ ವಿಳಾಸ ಎಂದು ಬರೆದು ಸ್ವಿಚ್ ಇರುವ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿ. ಗುಮಾಸ್ತರು ಬದಲಾದರೂ, ವೈರಿಂಗ್ ಮಾಡಿದವರು ಊರು ಬಿಟ್ಟರೂ ಕೆಲಸ ನಿಲ್ಲಬಾರದು. ಪಾಸ್‌ವರ್ಡ್‌ಗಳನ್ನು ಆ ಹಾಳೆಯಲ್ಲಿ ಬರೆಯಬೇಡಿ, ಹಾರ್ಡ್‌ಡಿಸ್ಕಿನ ಜೊತೆ ತಿಜೋರಿಯಲ್ಲಿಡಿ.